ಕೊಟ್ಟಿಗೆಯ ನಂಟು, ಮನೆಯ ಆರೋಗ್ಯ: ಪುಸ್ತಕಗಳು ಹೇಳುವುದೇನು?

ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಸುತ್ತಿನ ಹಳ್ಳಿಗಳಲ್ಲಿ ರಾಗಿ, ಅವರೆ, ಹುರುಳಿಯ ಬೇಸಾಯದೊಡನೆ ಎತ್ತು, ಹಸು, ಕುರಿ, ಕೋಳಿಗಳನ್ನು ಸಾಕದ ಮನೆ ಹಿಂದೆ ಅಪರೂಪವಾಗಿತ್ತು. ಕೆಂಪೇಗೌಡರ ಕಾಲದ ಕೋಟೆಯನ್ನು ಹೊತ್ತಿರುವ ಈ ಬೆಟ್ಟದಿಂದ ಕೆಳಗೆ ನೋಡಿದರೆ ಕಾಣುವುದೆಲ್ಲ ಹಳ್ಳಿಕಾರ್ ದನದ ಸೀಮೆಯೇ. ಈ ತಳಿಯ ಚಿತ್ರವಿರುವ ಅಂಚೆ ಚೀಟಿಯನ್ನು ಭಾರತ ಸರ್ಕಾರ 2000ರಲ್ಲಿ ಹೊರಡಿಸಿತು. ಆದರೆ ಟ್ರ್ಯಾಕ್ಟರು, ಟಿಲ್ಲರುಗಳು ಬಂದ ಮೇಲೆ ಜೋಡಿ ಎತ್ತು ಕಟ್ಟಿದ ಮನೆಗಳು ಕಡಿಮೆಯಾಗುತ್ತಿವೆ. ಉಳುಮೆಯ ಖರ್ಚಿನ ಲೆಕ್ಕದಲ್ಲಿ ಇದು ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಎತ್ತು ಹೋದಾಗ ಮನೆಯಿಂದ ಇನ್ನೇನು ಹೋಗುತ್ತದೆ ಎಂಬುದು ಈ ಲೇಖನದ ವಿಷಯ.

ಈ ಭಾಗದ ಒಂದು ರೈತರ ಸಭೆಯಲ್ಲಿ ರಾಗಿಯ ಸಾಲು ಬಿತ್ತನೆಯ ವಿಷಯ ಮುಗಿದ ಮೇಲೆ ಯುವಕರೊಬ್ಬರು ಎದ್ದು ಕೇಳಿದರು: "ಡಾಕ್ಟ್ರೇ, ಎತ್ತು ಮಾರಿದ್ ಮೇಲೆ ನಮ್ಮಪ್ಪ ಮಂಕಾಗ್ಬಿಟ್ಟವ್ರೆ. ಊಟ ಕಮ್ಮಿ, ನಿದ್ದೆ ಇಲ್ಲ. ದನಕ್ಕೂ ಮನುಷ್ಯನ ಆರೋಗ್ಯಕ್ಕೂ ಏನಾದ್ರೂ ನಂಟು ಐತಾ? ಯಾರಾದ್ರೂ ಪುಸ್ತಕ ಬರ್ದವ್ರಾ?" ಹೆಸರಿನ ಹಿಂದೆ ಡಾಕ್ಟರ್ ಎಂದಿದ್ದರೆ ಮನುಷ್ಯರಿಗೂ ದನಕ್ಕೂ ಮದ್ದು ಕೊಡಬಲ್ಲರೆಂದು ಹಳ್ಳಿಗಳಲ್ಲಿ ತಿಳಿಯುವುದುಂಟು. ನನ್ನದು ಬೇಸಾಯಶಾಸ್ತ್ರ, ಬೆಳೆ, ಮಣ್ಣು, ಗೊಬ್ಬರದ ವಿದ್ಯೆ. ಆದರೂ ಪ್ರಶ್ನೆ ಒಳ್ಳೆಯದಾಗಿತ್ತು. ಪುಸ್ತಕಗಳಿವೆ, ಹಳೆಯವೂ ಇವೆ, ಹೊಸವೂ ಇವೆ. ಅವುಗಳಲ್ಲಿ ನಂಬತಕ್ಕದ್ದೆಷ್ಟು, ಜರಡಿ ಹಿಡಿಯತಕ್ಕದ್ದೆಷ್ಟು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ನಮ್ಮ ಹಳೆಯ ಗ್ರಂಥಗಳು

ಈ ವಿಷಯದ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲೇ ಇವೆಯೆಂದು ತಿಳಿಯಬೇಕಾಗಿಲ್ಲ. ಕ್ರಿ.ಶ. 1025ರಲ್ಲಿ, ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯ 'ಲೋಕೋಪಕಾರ' ಎಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದ. ಹೆಸರೇ ಹೇಳುವಂತೆ ಇದು ಪಂಡಿತರ ಕಾಳಗಕ್ಕಾಗಿ ಬರೆದದ್ದಲ್ಲ, ಜನರ ಉಪಯೋಗಕ್ಕಾಗಿ ಬರೆದದ್ದು. ನೆಲದಡಿಯ ನೀರನ್ನು ಗುರುತಿಸುವುದು, ಮನೆ ಕಟ್ಟುವುದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧದ್ರವ್ಯ, ಮನುಷ್ಯರ ಚಿಕಿತ್ಸೆ, ಪ್ರಾಣಿಗಳ ಚಿಕಿತ್ಸೆ, ವಿಷಕ್ಕೆ ಮದ್ದು ಎಲ್ಲವೂ ಒಂದೇ ಹೊತ್ತಗೆಯಲ್ಲಿ ಸೇರಿವೆ. ಇಂದು ಬೇಸಾಯಕ್ಕೊಂದು, ವೈದ್ಯಕ್ಕೊಂದು, ಪಶುವೈದ್ಯಕ್ಕೊಂದು ಕಾಲೇಜು ಕಟ್ಟಿ ಮಧ್ಯೆ ಗೋಡೆ ಎಬ್ಬಿಸಿದ್ದೇವೆ. ಒಕ್ಕಲಿಗನ ಮನೆಯಲ್ಲಿ ಆ ಗೋಡೆ ಇಲ್ಲವೆಂಬುದನ್ನು ಚಾವುಂಡರಾಯ ಬಲ್ಲವನಾಗಿದ್ದ. ಈ ಗ್ರಂಥದ ಇಂಗ್ಲಿಷ್ ಅನುವಾದವನ್ನು ಸಿಕಂದರಾಬಾದಿನ ಏಷಿಯನ್ ಅಗ್ರಿ-ಹಿಸ್ಟರಿ ಫೌಂಡೇಷನ್ 2006ರಲ್ಲಿ ಪ್ರಕಟಿಸಿತು.

ಅದಾಗಿ ನೂರು ವರ್ಷಗಳಿಗೆ, ಸುಮಾರು 1125ರಲ್ಲಿ, ಚಾಲುಕ್ಯ ಅರಸು ಮನೆತನದ ಕೀರ್ತಿವರ್ಮ 'ಗೋವೈದ್ಯ'ವನ್ನು ಬರೆದ. ಅರಸು ಮನೆಯವನೊಬ್ಬ ದನದ ರೋಗಗಳ ಮೇಲೆ ಗ್ರಂಥ ಬರೆಯಲು ಕುಳಿತನೆಂದರೆ ಆ ಕಾಲಕ್ಕೆ ದನ ಎಂಥ ಸಂಪತ್ತಾಗಿತ್ತೆಂದು ತಿಳಿಯಬಹುದು. ಹದಿನಾಲ್ಕನೆಯ ಶತಮಾನದಲ್ಲಿ ಮಂಗರಾಜ 'ಖಗೇಂದ್ರಮಣಿದರ್ಪಣ'ವೆಂಬ ವಿಷವೈದ್ಯದ ಗ್ರಂಥವನ್ನು ರಚಿಸಿದ. ಹಾವು ಮೊದಲಾದ ವಿಷಜಂತುಗಳು ಕಚ್ಚಿದಾಗ ಮಾಡಬೇಕಾದ ಚಿಕಿತ್ಸೆ ಅದರಲ್ಲಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಗೋವೈದ್ಯ'ದಲ್ಲಿ ಮದ್ದೂ ಇದೆ, ಮಂತ್ರವೂ ಇದೆ. ಸೂಕ್ಷ್ಮಜೀವಿಗಳನ್ನು ಕಾಣುವ ಉಪಕರಣವಿಲ್ಲದ ಕಾಲದ ತಿಳಿವು ಅದು. ಅಂದಿನವರ ಗಮನ ಎಷ್ಟು ಸೂಕ್ಷ್ಮವಾಗಿತ್ತೆಂದು ತಿಳಿಯಲು ಈ ಗ್ರಂಥಗಳನ್ನು ಓದಿರಿ. ಕೆಚ್ಚಲು ಬಾವು ಬಂದ ಹಸುವಿಗೆ ಅದರಲ್ಲಿರುವುದನ್ನೇ ಅರೆದು ಹಚ್ಚುತ್ತ ಮೂರು ದಿನ ಕಳೆಯಬೇಡಿರಿ. ಹಳೆಯದೆಲ್ಲ ಸತ್ಯವೆಂದು ತಲೆಯ ಮೇಲೆ ಹೊರುವವರೂ, ಹಳೆಯದೆಲ್ಲ ಕಂತೆಯೆಂದು ಒಲೆಗೆ ಹಾಕುವವರೂ ಇದ್ದಾರೆ. ಇಬ್ಬರಿಂದಲೂ ದನಕ್ಕೆ ಉಪಕಾರವಿಲ್ಲ.

ಹಸುವಿನಿಂದ ಬಂದ ಮದ್ದು, ಕುದುರೆಯಿಂದ ಬಂದ ಮದ್ದು

ಮನುಷ್ಯನ ಆರೋಗ್ಯಕ್ಕೆ ಪ್ರಾಣಿಯಿಂದಾದ ಉಪಕಾರವನ್ನು ಹೇಳುವ ಪುಸ್ತಕಗಳಲ್ಲಿ ಬಹಳ ದೊಡ್ಡದು ಗಾತ್ರದಲ್ಲಿ ಬಹಳ ಚಿಕ್ಕದು. ಇಂಗ್ಲೆಂಡಿನ ಹಳ್ಳಿಯ ವೈದ್ಯ ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಹಸುವಿನ ಕೆಚ್ಚಲಿಗೆ ಬರುವ ಗೋಸಿಡುಬು ಹಾಲು ಕರೆಯುವವರ ಕೈಗೂ ತಗಲುತ್ತಿತ್ತು. ಅಂಥವರಿಗೆ ಮುಂದೆ ಸಿಡುಬು ಬರುವುದಿಲ್ಲವೆಂದು ಅಲ್ಲಿನ ಹಳ್ಳಿಗರು ಆಡಿಕೊಳ್ಳುತ್ತಿದ್ದರು. ಆ ಮಾತನ್ನು ಜೆನ್ನರ್ ತಳ್ಳಿಹಾಕಲಿಲ್ಲ, ಪರೀಕ್ಷೆಗೆ ಹಚ್ಚಿದರು. 1796ರ ಮೇ 14ರಂದು ಸಾರಾ ನೆಲ್ಮ್ಸ್ ಎಂಬ ಹಾಲು ಕರೆಯುವ ಹೆಣ್ಣುಮಗಳ ಕೈಯ ಗುಳ್ಳೆಯಿಂದ ರಸ ತೆಗೆದು ಜೇಮ್ಸ್ ಫಿಪ್ಸ್ ಎಂಬ ಹುಡುಗನ ತೋಳಿಗೆ ಹಾಕಿದರು. ಆ ಹುಡುಗನಿಗೆ ಸಿಡುಬು ಹತ್ತಲಿಲ್ಲ. ಲಸಿಕೆಗೆ ಇಂಗ್ಲಿಷಿನಲ್ಲಿ ಹೇಳುವ 'ವ್ಯಾಕ್ಸಿನ್' ಎಂಬ ಮಾತು ಹುಟ್ಟಿದ್ದೇ ಹಸು ಎಂಬರ್ಥದ ಲ್ಯಾಟಿನ್ ಪದದಿಂದ. ಸಾರಾಳಿಗೆ ರೋಗ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್. ಅದರ ತೊಗಲನ್ನು ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಕೀಯ ವಿದ್ಯಾಲಯದಲ್ಲಿ ಇಂದಿಗೂ ಕಾಪಾಡಿದ್ದಾರೆ.

ಆ ಮದ್ದು ನಮ್ಮ ನಾಡಿಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1805ರ ಸುಮಾರಿಗೆ ಚಿತ್ರಕಾರ ಥಾಮಸ್ ಹಿಕಿ ಮೂವರು ಹೆಂಗಸರ ಒಂದು ಚಿತ್ರ ಬರೆದರು. ಅವರು ಮೈಸೂರು ಅರಮನೆಯ ರಾಣಿಯರೆಂದೂ, ಎಳೆಯ ವಯಸ್ಸಿನ ರಾಣಿ ಸೆರಗು ಸರಿಸಿ ತೋರಿಸುತ್ತಿರುವುದು ಲಸಿಕೆ ಹಾಕಿದ ತೋಳೆಂದೂ, ಪ್ರಜೆಗಳಿಗೆ ಧೈರ್ಯ ಬರಲೆಂದೇ ಈ ಚಿತ್ರ ಬರೆಸಿದ್ದೆಂದೂ ಇತಿಹಾಸಕಾರರು ಗುರುತಿಸಿದ್ದಾರೆ. ಮುಂದೆ ಕರುಗಳ ಚರ್ಮದ ಮೇಲೆ ಲಸಿಕೆಯ ರಸವನ್ನು ಬೆಳೆಸುವ ಪದ್ಧತಿ ಬಂದಿತು. ಬೆಳಗಾವಿಯಲ್ಲಿ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸ್ಥಳವನ್ನು ಜನ ಈಗಲೂ ವ್ಯಾಕ್ಸಿನ್ ಡಿಪೋ ಎಂದೇ ಕರೆಯುತ್ತಾರೆ. ನಿಮ್ಮ ಮನೆಯ ಹಿರಿಯರ ತೋಳಿನಲ್ಲಿ ದಾಕು ಹಾಕಿಸಿದ ಕಲೆಗಳಿದ್ದರೆ ಮೊಮ್ಮಕ್ಕಳಿಗೆ ತೋರಿಸಿರಿ. 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 2011ರಲ್ಲಿ ದನಗಳ ದೊಡ್ಡರೋಗವೂ ಭೂಮಿಯಿಂದ ಅಳಿಯಿತೆಂದು ಘೋಷಿಸಲಾಯಿತು. ಇದುವರೆಗೆ ಪೂರ್ತಿಯಾಗಿ ಅಳಿಸಿದ ರೋಗಗಳು ಈ ಎರಡೇ: ಮನುಷ್ಯನದೊಂದು, ದನದ್ದೊಂದು. ಎರಡನ್ನೂ ಅಳಿಸಿದ್ದು ಲಸಿಕೆಯೇ.

ಇನ್ನು ಕುದುರೆಯ ಮಾತು. ಹೈದರ್, ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಈ ಭಾಗದವರಿಗೆಲ್ಲ ಗೊತ್ತು. ಅಲ್ಲಿಯ ಕುದುರೆಗಳು ಮೊದಲು ಸೈನ್ಯಕ್ಕೆ, ಆಮೇಲೆ ರೇಸಿಗೆ ಬೆಳೆದವು. ಬೇರೆ ಕಡೆ ಔಷಧಿ ತಯಾರಿಸುವ ಸಂಸ್ಥೆಗಳಲ್ಲಿ ಕುದುರೆಗಳು ಮಾಡುವ ಇನ್ನೊಂದು ಕೆಲಸ ಮಾತ್ರ ಅನೇಕರಿಗೆ ತಿಳಿದಿಲ್ಲ. ಹೊಲದಲ್ಲಿ ನಾಗರಹಾವೋ ಮಂಡಲದ ಹಾವೋ ಕಚ್ಚಿದಾಗ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಕುದುರೆಯ ರಕ್ತದಿಂದ ಬಂದದ್ದು. ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ಪ್ರಾಣಿಯ ರಕ್ತದಿಂದ ಹಾವಿನ ವಿಷಕ್ಕೆ ಮದ್ದು ತೆಗೆಯುವ ದಾರಿ ತೋರಿಸಿದರು. ಕುದುರೆಗೆ ಹಾವಿನ ವಿಷವನ್ನು ಅತಿ ಸ್ವಲ್ಪದಿಂದ ಆರಂಭಿಸಿ ತಿಂಗಳುಗಟ್ಟಲೆ ಏರಿಸುತ್ತ ಚುಚ್ಚುತ್ತಾರೆ. ಕುದುರೆಗೆ ವಿಷ ಏರುವುದಿಲ್ಲ. ಅದರ ರಕ್ತದಲ್ಲಿ ವಿಷವನ್ನು ಹಿಡಿದು ಕಟ್ಟುವ ಅಂಶ ಬೆಳೆಯುತ್ತದೆ. ರಕ್ತ ತೆಗೆದು ಆ ಅಂಶವನ್ನು ಬೇರ್ಪಡಿಸುತ್ತಾರೆ. ನಮ್ಮ ದೇಶದ ಮದ್ದು ನಾಗರಹಾವು, ಕಟ್ಟುಹಾವು, ಮಂಡಲದ ಹಾವು, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಕೆಲಸ ಮಾಡುತ್ತದೆ. ಅದಕ್ಕೆ ಬೇಕಾದ ವಿಷದ ಹೆಚ್ಚಿನ ಭಾಗವನ್ನು ಒದಗಿಸುತ್ತ ಬಂದವರು ತಮಿಳುನಾಡಿನ ಇರುಳರು. 1978ರಲ್ಲಿ ಅವರದೇ ಸಹಕಾರ ಸಂಘ ಸ್ಥಾಪನೆಯಾಯಿತು.

ಮಂಗರಾಜನ ಗ್ರಂಥವನ್ನು ಎಷ್ಟೇ ಗೌರವದಿಂದ ಓದಿದರೂ ಹಾವು ಕಚ್ಚಿದಾಗ ಮಾಡತಕ್ಕದ್ದು ಇಷ್ಟೆ: ಕಚ್ಚಿದ ಜಾಗವನ್ನು ಕೊಯ್ಯಬೇಡಿರಿ, ಬಿಗಿಯಾಗಿ ಕಟ್ಟಬೇಡಿರಿ, ಬಾಯಿಂದ ಹೀರಬೇಡಿರಿ. ಕಾಲನ್ನೋ ಕೈಯನ್ನೋ ಅಲ್ಲಾಡಿಸದಂತೆ ಇರಿಸಿ, ಕಚ್ಚಿಸಿಕೊಂಡವರನ್ನು ನಡೆಸದೆ ಆಸ್ಪತ್ರೆಗೆ ಸೇರಿಸಿರಿ. ಕುದುರೆಯ ರಕ್ತದ ಮದ್ದು ಕೆಲವರಿಗೆ ಒಗ್ಗದೆ ತೊಂದರೆ ಕೊಡುವುದುಂಟು. ಆದ್ದರಿಂದ ಅದನ್ನು ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆಜ್ಞೆ ಮಾಡಿತು.

ಜೊತೆಗಿದ್ದರೇ ಗುಣವುಂಟೇ?

ಲಸಿಕೆ, ಇಂಜೆಕ್ಷನ್‌ಗಳ ಮಾತು ಸರಿ. ಆ ಯುವಕರು ಕೇಳಿದ್ದು ಬೇರೆ. ಪ್ರಾಣಿ ಬರಿದೆ ಜೊತೆಗಿದ್ದರೆ, ಅದರ ಮೈ ಸವರಿ ಮಾತನಾಡಿಸಿದರೆ, ಮನುಷ್ಯನಿಗೆ ಒಳಿತಾಗುತ್ತದೆಯೇ?

ದಾದಿಯರ ವಿದ್ಯೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಪ್ರಕಟವಾದ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿಯೇ ಬಹುಕಾಲ ಹಾಸಿಗೆ ಹಿಡಿದವರಿಗೆ ಒಂದು ಸಣ್ಣ ಸಾಕುಪ್ರಾಣಿ ಒಳ್ಳೆಯ ಸಂಗಾತಿಯಾಗುತ್ತದೆಂದು ಬರೆದರು. ನೂರು ವರ್ಷಗಳಾದ ಮೇಲೆ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅದನ್ನು ಆಕಸ್ಮಿಕವಾಗಿ ಕಂಡರು. ಯಾರೊಡನೆಯೂ ಬೆರೆಯದ ಒಬ್ಬ ಹುಡುಗನನ್ನು ತಾಯಿ ತಂದೆ ಹೇಳಿದ ಸಮಯಕ್ಕಿಂತ ಮೊದಲೇ ಕರೆತಂದಾಗ, ಲೆವಿನ್ಸನ್ನರ ನಾಯಿ ಜಿಂಗಲ್ಸ್ ಕೋಣೆಯಲ್ಲಿಯೇ ಇತ್ತು. ಅದು ಹುಡುಗನ ಬಳಿಗೆ ಓಡಿತು. ಹುಡುಗ ಹೆದರದೆ ಅದರೊಡನೆ ಆಡತೊಡಗಿದ. ಮುಂದೆ ನಾಯಿಯ ನೆಪದಿಂದ ವೈದ್ಯರೊಡನೆಯೂ ಹೊಂದಿಕೊಂಡ. 1969ರಲ್ಲಿ ಲೆವಿನ್ಸನ್ ಈ ಚಿಕಿತ್ಸಾಕ್ರಮದ ಮೇಲೆ ಪುಸ್ತಕವನ್ನೇ ಬರೆದರು.

1980ರಲ್ಲಿ ಅಮೆರಿಕದ ಎರಿಕಾ ಫ್ರೀಡ್ಮನ್ ಮತ್ತು ಸಂಗಡಿಗರು ಹೃದಯದ ತೊಂದರೆಯಿಂದ ಆಸ್ಪತ್ರೆ ಸೇರಿದ್ದ 92 ಜನರನ್ನು ಒಂದು ವರ್ಷ ಗಮನಿಸಿ ಲೆಕ್ಕ ಕೊಟ್ಟರು. ಮನೆಯಲ್ಲಿ ಸಾಕುಪ್ರಾಣಿ ಇದ್ದ 53 ಜನರಲ್ಲಿ ವರ್ಷದೊಳಗೆ ತೀರಿಕೊಂಡವರು 3 ಮಂದಿ. ಸಾಕುಪ್ರಾಣಿ ಇಲ್ಲದ 39 ಜನರಲ್ಲಿ 11 ಮಂದಿ. ಈ ಲೆಕ್ಕ ಬಹಳ ಪ್ರಸಿದ್ಧವಾಯಿತು. 1983ರಲ್ಲಿ ಅಲನ್ ಬೆಕ್ ಮತ್ತು ಆರನ್ ಕ್ಯಾಚರ್ ಬರೆದ 'ಬಿಟ್ವೀನ್ ಪೆಟ್ಸ್ ಅಂಡ್ ಪೀಪಲ್', 2002ರಲ್ಲಿ ಪಶುವೈದ್ಯ ಮಾರ್ಟಿ ಬೆಕರ್ ಬರೆದ 'ದಿ ಹೀಲಿಂಗ್ ಪವರ್ ಆಫ್ ಪೆಟ್ಸ್' ಮೊದಲಾದವು ಈ ದಾರಿಯಲ್ಲೇ ಬಂದ ಪುಸ್ತಕಗಳು.

ಈಗ ಜರಡಿ ಹಿಡಿಯೋಣ. ಕೆರೆಯ ಅಚ್ಚುಕಟ್ಟಿನ ಹೊಲಕ್ಕೆ ಗೊಬ್ಬರ ಹಾಕಿ, ಬೆಟ್ಟದ ಬುಡದ ಕಲ್ಲು ಹೊಲಕ್ಕೆ ಹಾಕದೆ, ಎರಡರ ಇಳುವರಿ ಹೋಲಿಸಿ "ನೋಡಿ, ಗೊಬ್ಬರದ ಗುಣ" ಎಂದರೆ ನೀವು ಒಪ್ಪುವಿರಾ? ಹೊಲವೇ ಬೇರೆಯಲ್ಲವೇ ಎನ್ನುವಿರಿ. ಅದಕ್ಕಾಗಿಯೇ ನಾವು ಒಂದೇ ಹೊಲದಲ್ಲಿ ತಾಕುಗಳನ್ನು ಮಾಡಿ, ಯಾವ ತಾಕಿಗೆ ಯಾವ ಗೊಬ್ಬರವೆಂದು ಚೀಟಿ ಎತ್ತಿ ಹಾಕುತ್ತೇವೆ. 92 ಜನರ ಲೆಕ್ಕದಲ್ಲಿ ಚೀಟಿ ಎತ್ತಿರಲಿಲ್ಲ. ಮೊದಲೇ ಗಟ್ಟಿಮುಟ್ಟಾಗಿದ್ದವರು, ಮನೆಮಂದಿ ಜೊತೆಗಿದ್ದವರು ನಾಯಿ ಸಾಕಿರಬಹುದು. ಲೇಖಕರು ರೋಗ ಎಷ್ಟು ತೀವ್ರವಾಗಿತ್ತೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದ್ದಾರೆ, ಅದು ಮೆಚ್ಚತಕ್ಕದ್ದು. ಆದರೂ ಆಮೇಲೆ ನಡೆದ ಅಧ್ಯಯನಗಳ ಫಲ ಎಲ್ಲ ಕಡೆಯೂ ಒಂದೇ ಆಗಿ ಬಂದಿಲ್ಲ. ಮುದ್ದು ಪ್ರಾಣಿ ಇದ್ದರೆ ರೋಗವೇ ಬಾರದೆಂದು ಸಾರುವ ಪುಸ್ತಕವನ್ನು ಕೊಳ್ಳಬೇಡಿರಿ. ಪ್ರಾಣಿಯ ಮೈ ಸವರುವಾಗ ಮನಸ್ಸು ಶಾಂತವಾಗುವುದು, ಒಂಟಿತನ ತಗ್ಗುವುದು, ದಿನದ ಕೆಲಸಕ್ಕೆ ಒಂದು ಕಟ್ಟು ಬರುವುದು ಇವಿಷ್ಟನ್ನು ಧೈರ್ಯವಾಗಿ ಹೇಳಬಹುದು.

ಆ ಕಟ್ಟು ಎಂಬುದೇ ನಮ್ಮ ಹಳ್ಳಿಯ ಹಿರಿಯರ ವಿಷಯದಲ್ಲಿ ಮುಖ್ಯವೆಂದು ನನ್ನ ಅಭಿಪ್ರಾಯ. ಎತ್ತು ಕಟ್ಟಿದ ಮನುಷ್ಯ ಕೋಳಿ ಕೂಗುವಾಗ ಏಳುತ್ತಾನೆ, ಹುಲ್ಲು ಹಾಕುತ್ತಾನೆ, ಸಗಣಿ ಬಾಚುತ್ತಾನೆ, ನೀರಿಗೆ ಹೊಡೆದುಕೊಂಡು ಹೋಗುತ್ತಾನೆ, ದಾರಿಯಲ್ಲಿ ನಾಲ್ಕು ಜನರೊಡನೆ ಮಾತನಾಡುತ್ತಾನೆ. ಎತ್ತು ಮಾರಿದ ಮರುದಿನ ಇಷ್ಟೂ ಒಟ್ಟಿಗೆ ನಿಂತುಹೋಗುತ್ತದೆ. ಮಾರುವುದು ಅನಿವಾರ್ಯವಾದರೆ ಹಿರಿಯರನ್ನು ಕೇಳಿ ಮಾರಿರಿ. ಅವರ ಪಾಲಿಗೆ ಒಂದು ಕರು, ಎರಡು ಕುರಿ, ನಾಲ್ಕು ನಾಟಿ ಕೋಳಿಯಾದರೂ ಉಳಿಯಲಿ. ಊಟ, ನಿದ್ದೆ ಬಿಟ್ಟು ವಾರಗಟ್ಟಲೆ ಮಂಕಾಗಿ ಕುಳಿತಿದ್ದರೆ ಅದು ಬರಿಯ ಮುನಿಸಲ್ಲ, ಕಾಯಿಲೆಯೂ ಆಗಿರಬಹುದು. ವೈದ್ಯರಿಗೆ ತೋರಿಸಿರಿ. ಮನಸ್ಸಿನ ತೊಂದರೆಗಳಿಗೆ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಸಲಹೆ ಸಿಗುತ್ತದೆ.

ದನದ ಕೊಟ್ಟಿಗೆಯಿಂದಲೇ ಬಂದ ಒಂದು ಪುಸ್ತಕದ ಕತೆ ನಿಮಗೆ ಹಿಡಿಸಬಹುದು. ಪಶು ಆಸ್ಪತ್ರೆಯ ಮುಂದೆ ದನವನ್ನು ಅಲ್ಲಾಡದಂತೆ ನಿಲ್ಲಿಸುವ ಟ್ರೆವಿಸ್ ಎಂಬ ಕಂಬಿಯ ಕಟ್ಟನ್ನು ನೀವು ನೋಡಿದ್ದೀರಿ. ಅಮೆರಿಕದಲ್ಲಿ ಎರಡೂ ಪಕ್ಕದಿಂದ ಮೆಲ್ಲನೆ ಒತ್ತಿ ಹಿಡಿಯುವ ಕಟ್ಟುಗಳಿವೆ. ಆಟಿಸಂ ಎಂಬ ತೊಂದರೆಯೊಡನೆ ಹುಟ್ಟಿದ ಟೆಂಪಲ್ ಗ್ರ್ಯಾಂಡಿನ್ ಎಂಬ ಹುಡುಗಿ ತನ್ನ ಚಿಕ್ಕಮ್ಮನ ದನದ ಫಾರಂನಲ್ಲಿ, ಬೆದರಿದ ದನಗಳು ಹಾಗೆ ಒತ್ತಿದೊಡನೆ ಶಾಂತವಾಗುವುದನ್ನು ಕಂಡಳು. ತಾನೂ ಅದರೊಳಗೆ ನಿಂತು ನೋಡಿದಳು. ಅವಳ ತಳಮಳವೂ ಇಳಿಯಿತು. ಆಮೇಲೆ ತನಗಾಗಿಯೇ ಅಂಥ ಯಂತ್ರವೊಂದನ್ನು ಮಾಡಿಕೊಂಡಳು. ಮುಂದೆ ಆಕೆ ಪ್ರಾಣಿವಿಜ್ಞಾನದ ಪ್ರಾಧ್ಯಾಪಕರಾದರು; ದನಗಳನ್ನು ಹೊಡೆಯದೆ, ಬೆದರಿಸದೆ ಸಾಗಿಸುವ ಓಣಿಗಳ ವಿನ್ಯಾಸ ಮಾಡಿದರು; 2005ರಲ್ಲಿ 'ಅನಿಮಲ್ಸ್ ಇನ್ ಟ್ರಾನ್ಸ್‌ಲೇಷನ್' ಎಂಬ ಪುಸ್ತಕ ಬರೆದರು. ನೆಲದ ಮೇಲಿನ ನೆರಳು, ತೂಗುವ ಸರಪಳಿ, ಬೇಲಿಯ ಮೇಲಿನ ಬಟ್ಟೆ ಇಂಥ ಸಣ್ಣ ವಸ್ತುಗಳು ದನವನ್ನು ಹೇಗೆ ತಡೆದು ನಿಲ್ಲಿಸುತ್ತವೆಂದು ಆಕೆ ವಿವರಿಸುವುದನ್ನು ಓದಿದರೆ ಬಾರುಗೋಲು ಎತ್ತುವ ಮುನ್ನ ನಾವೂ ಒಮ್ಮೆ ಸುತ್ತ ನೋಡುತ್ತೇವೆ.

ಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿ 2016ರಲ್ಲಿ ಪ್ರಕಟವಾಯಿತು. ಅಮೆರಿಕದ ಆಮಿಷ್ ಮತ್ತು ಹಟರೈಟ್ ಎಂಬ ಎರಡು ಒಕ್ಕಲು ಪಂಗಡಗಳು ಮೂಲದಲ್ಲಿ ಹತ್ತಿರದವು. ಊಟ, ಉಡುಪು, ನಡೆವಳಿಕೆಯಲ್ಲಿಯೂ ಹೋಲುತ್ತವೆ. ಆಮಿಷರದು ಕುದುರೆ ಕಟ್ಟಿ ಉಳುವ, ಮನೆಯ ಪಕ್ಕದಲ್ಲೇ ಕೊಟ್ಟಿಗೆಯಿರುವ ಬೇಸಾಯ. ಹಟರೈಟರದು ಯಂತ್ರಗಳ ಸಾಮೂಹಿಕ ಬೇಸಾಯ. ದನಗಳಿರುವುದು ಮನೆಗಳಿಂದ ದೂರದಲ್ಲಿ. ಶಾಲೆಯ ಮಕ್ಕಳಲ್ಲಿ ಉಬ್ಬಸ ಆಮಿಷರಲ್ಲಿ ನೂರಕ್ಕೆ 5.2, ಹಟರೈಟರಲ್ಲಿ ನೂರಕ್ಕೆ 21.3. ಆಮಿಷ್ ಮನೆಗಳ ಧೂಳನ್ನು ಇಲಿಗಳ ಮೇಲೆ ಪ್ರಯೋಗಿಸಿದಾಗ ಅವುಗಳಿಗೂ ಉಬ್ಬಸದಿಂದ ರಕ್ಷಣೆ ಸಿಕ್ಕಿತು. ಎಳೆಯ ವಯಸ್ಸಿನಲ್ಲಿ ಕೊಟ್ಟಿಗೆಯ ಸೂಕ್ಷ್ಮಜೀವಿಗಳ ಪರಿಚಯವಾದ ದೇಹ ಧೂಳಿಗೆ ಬೆದರುವುದು ಕಡಿಮೆ ಎಂದು ವಿಜ್ಞಾನಿಗಳು ಅರ್ಥ ಮಾಡಿದ್ದಾರೆ. ಹಾಗೆಂದು ಈಗಾಗಲೇ ಉಬ್ಬಸವಿರುವ ಮಗುವನ್ನು ಕೊಟ್ಟಿಗೆಯಲ್ಲಿ ಮಲಗಿಸಿದರೆ ಗುಣವಾಗುವುದಿಲ್ಲ, ತೊಂದರೆಯೇ ಆದೀತು. ದೊಡ್ಡವರಿಗೂ ಅಷ್ಟೆ: ಬೂಷ್ಟು ಹಿಡಿದ ಹುಲ್ಲನ್ನು ಕೊಡವಿ ಕೊಡವಿ ಶ್ವಾಸಕೋಶ ಕೆಡಿಸಿಕೊಂಡವರುಂಟು. ಮೆದೆಯ ಒಳಗಿನ ಬೂಷ್ಟು ಹುಲ್ಲನ್ನು ಬೇರ್ಪಡಿಸುವಾಗ ಮೂಗು, ಬಾಯಿಗೆ ಬಟ್ಟೆ ಕಟ್ಟಿರಿ.

ಪ್ರೀತಿಯ ಪುಸ್ತಕ ಹೇಳದೆ ಬಿಡುವ ಮಾತು

ಮೇಲೆ ಹೇಳಿದ ಸಾಕುಪ್ರಾಣಿಯ ಪುಸ್ತಕಗಳಲ್ಲಿ ಒಂದು ಕೊರತೆ ಇದೆ. ಅವನ್ನು ಬರೆದವರು, ಓದುವವರು ಹೆಚ್ಚಾಗಿ ಪಟ್ಟಣದವರು. ಅವರ ಪ್ರಾಣಿ ಸೋಫಾದ ಮೇಲೆ ಮಲಗುತ್ತದೆ. ನಿಮ್ಮ ಪ್ರಾಣಿ ದುಡಿಯುತ್ತದೆ, ಕರೆಯುತ್ತದೆ, ಈಯುತ್ತದೆ, ಸಾಲ ತೀರಿಸಲು ಸಂತೆಗೂ ಹೋಗುತ್ತದೆ. ಈ ಕಷ್ಟದ ನಂಟನ್ನು ಬಲ್ಲ ಪುಸ್ತಕಗಳು ಬೇರೆ. ಶಿವರಾಮ ಕಾರಂತರ 'ಚೋಮನ ದುಡಿ' 1933ರದ್ದು. ಮನೆಯಲ್ಲಿ ಎತ್ತುಗಳಿದ್ದೂ ಉಳಲು ಸ್ವಂತ ಭೂಮಿ ಸಿಗದವನ ಸಂಕಟ ಅದರಲ್ಲಿದೆ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯಲ್ಲಿ ಕಿವಿ ಎಂಬ ನಾಯಿ ಬರುತ್ತದೆ. ಓದಿ ನಕ್ಕರೆ ಅದೂ ಆರೋಗ್ಯಕ್ಕೆ ಒಳ್ಳೆಯದೇ.

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಪಶುವೈದ್ಯರೊಬ್ಬರು ಜೇಮ್ಸ್ ಹೆರಿಯಟ್ ಎಂಬ ಕಾವ್ಯನಾಮದಲ್ಲಿ 1970ರಿಂದ ಬರೆದ ಪುಸ್ತಕಗಳು ಜಗತ್ತಿನಾದ್ಯಂತ ಓದಿಸಿಕೊಂಡಿವೆ. ರಾತ್ರಿಯಲ್ಲಿ ಎದ್ದು ಹೋಗಿ, ತಣ್ಣನೆಯ ಕೊಟ್ಟಿಗೆಯಲ್ಲಿ ಅಂಗಿ ಬಿಚ್ಚಿ, ತೋಳು ಪೂರ್ತಿ ಒಳಗೆ ಹಾಕಿ ಅಡ್ಡ ಸಿಕ್ಕಿಕೊಂಡ ಕರುವನ್ನು ಎಳೆಯುವ ವರ್ಣನೆ ಓದಿದರೆ ನಮ್ಮ ಹಳ್ಳಿಯ ಪಶುವೈದ್ಯರೇ ಕಣ್ಣಮುಂದೆ ಬರುತ್ತಾರೆ. ಪ್ರಾಣಿಗಳನ್ನು ಅಷ್ಟು ಪ್ರೀತಿಸಿದ ಅವರಿಗೆ ಆ ಕೆಲಸದಿಂದಲೇ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಅಂಟಿತ್ತು. ಬಿಟ್ಟು ಬಿಟ್ಟು ಬರುವ ಜ್ವರದಿಂದ ಅವರು ನರಳಿದ್ದುಂಟು.

ಕಂದು ರೋಗವಿರುವ ಹಸು ಸಾಮಾನ್ಯವಾಗಿ ಗಬ್ಬದ ಕೊನೆಯ ಮೂರು ತಿಂಗಳಲ್ಲಿ ಕಂದು ಹಾಕುತ್ತದೆ. ಕಸ ಬೀಳದೆ ನಿಲ್ಲುತ್ತದೆ. ನಮ್ಮ ಮನೆಗಳಲ್ಲಿ ಹೆಂಗಸರೋ ಗಂಡಸರೋ ಬರಿಗೈಯಲ್ಲಿ ಕಸ ಎಳೆಯುತ್ತಾರೆ. ಕೈಯಲ್ಲಿ ಗಾಯವಿದ್ದರಂತೂ ರೋಗಾಣು ನೇರ ಒಳಗೆ. ಹಸಿ ಹಾಲಿನಿಂದಲೂ ಬರುತ್ತದೆ. ಮನುಷ್ಯನಿಗೆ ಬಂದಾಗ ಸಂಜೆಯ ಜ್ವರ, ಬೆವರು, ಸೊಂಟ ಮತ್ತು ಕೀಲುಗಳ ನೋವು, ಸುಸ್ತು. ಎಷ್ಟೋ ಸಾರಿ ಬೇರೆ ಜ್ವರವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದ ಮೇಲೆ ಗೊತ್ತಾಗುತ್ತದೆ. ಗೊತ್ತಾದರೆ ಮದ್ದಿದೆ, ಕನಿಷ್ಠ ಆರು ವಾರ ಬಿಡದೆ ತೆಗೆದುಕೊಳ್ಳಬೇಕು. ಆದುದರಿಂದ ಜ್ವರವೆಂದು ವೈದ್ಯರ ಬಳಿ ಹೋದಾಗ "ಮನೆಯಲ್ಲಿ ದನ ಇದೆ, ಇಂಥ ದಿನ ಕಂದು ಹಾಕಿತ್ತು, ನಾನೇ ಕಸ ತೆಗೆದೆ" ಎಂದು ಬಾಯಿಬಿಟ್ಟು ಹೇಳಿರಿ. ಪೇಟೆಯ ವೈದ್ಯರು ಕೇಳಲಿಕ್ಕಿಲ್ಲ. ಆ ಒಂದು ಮಾತು ತಿಂಗಳುಗಳ ನರಳಾಟವನ್ನು ಉಳಿಸಬಲ್ಲದು.

ಹೆಣ್ಣು ಕರುವಿಗೆ 4ರಿಂದ 8 ತಿಂಗಳೊಳಗೆ ಒಂದೇ ಸಾರಿ ಈ ರೋಗದ ಲಸಿಕೆ ಹಾಕಿಸಿದರೆ ಸಾಕು. ಗಂಡು ಕರುವಿಗೂ ಗಬ್ಬದ ಹಸುವಿಗೂ ಇದನ್ನು ಹಾಕಿಸಬಾರದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಲಸಿಕೆಯೊಡನೆ ಇದನ್ನೂ ಸೇರಿಸಲಾಯಿತು. ಕಂದು, ಕಸ ಬಿದ್ದರೆ ನಾಯಿಗೆ ಎಸೆಯದೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿರಿ. ಕೈಗೆ ಗವಸು ಹಾಕಿಕೊಳ್ಳಿರಿ, ಅದಿಲ್ಲದಿದ್ದರೆ ಪಶುವೈದ್ಯರಿಗೆ ಹೇಳಿಕಳುಹಿಸಿರಿ. ಹಾಲನ್ನು ಕಾಯಿಸದೆ ಕುಡಿಯಬೇಡಿರಿ. ಎಳೆಯ ಕರುವಿನ ತಾಯಿಯ ಹಸಿ ಹಾಲು ಪುಷ್ಟಿಯೆಂದು ಮಕ್ಕಳಿಗೆ ಕೊಡುವ ವಾಡಿಕೆ ಇದ್ದರೆ ಬಿಡಿರಿ.

ಹುಚ್ಚುನಾಯಿ ರೋಗದ ವಿಷಯ ಇನ್ನೂ ಗಂಭೀರ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗದ ಲಕ್ಷಣ ತೋರಿದ ಮೇಲೆ ಮದ್ದಿಲ್ಲ. ನಾಯಿ ಕಚ್ಚಿದರೆ ಇಂಜೆಕ್ಷನ್ ಬೇಕೆಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇದು: ಹುಚ್ಚುನಾಯಿ ಕಚ್ಚಿದ ಹಸು ಕೆಲವು ವಾರಗಳ ಮೇಲೆ ಮೇವು ಬಿಡುತ್ತದೆ, ಜೊಲ್ಲು ಸುರಿಸುತ್ತದೆ, ನುಂಗಲಾರದು. ಗಂಟಲಿಗೆ ಏನೋ ಸಿಕ್ಕಿದೆಯೆಂದು ಮನೆಯವರು ಬಾಯಿಗೆ ಕೈ ಹಾಕಿ ನೋಡುತ್ತಾರೆ. ಪ್ರೀತಿಯ ಹಸುವೆಂದೇ ಮಾಡುವ ಕೆಲಸ ಇದು, ಪ್ರಾಣಕ್ಕೆ ಎರವಾಗುವ ಕೆಲಸವೂ ಇದೇ. ಆ ಜೊಲ್ಲಿನಲ್ಲಿ ರೋಗಾಣು ಇರುತ್ತದೆ. ನುಂಗಲಾರದ, ಜೊಲ್ಲು ಸುರಿಸುವ, ಸ್ವರ ಬದಲಾಗಿ ಅರಚುವ ದನದ ಬಾಯಿಗೆ ಕೈ ಹಾಕಬೇಡಿರಿ. ಪಶುವೈದ್ಯರನ್ನು ಕರೆಯಿರಿ, ಪಶು ಸಂಜೀವಿನಿ ದೂರವಾಣಿ 1962. ಈಗಾಗಲೇ ಕೈ ಹಾಕಿದ್ದರೆ, ಅಥವಾ ನಾಯಿ ಕಚ್ಚಿದ್ದರೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿರಿ. ಸುಣ್ಣ, ಕಾರದಪುಡಿ, ಅರಿಶಿನ ಮೆತ್ತಬೇಡಿರಿ. ಹೇಳಿದ ದಿನಗಳಿಗೆ ತಪ್ಪದೆ ಎಲ್ಲ ಇಂಜೆಕ್ಷನ್ನುಗಳನ್ನೂ ಮುಗಿಸಿರಿ. ಗಾಯ ಆಳವಾಗಿದ್ದರೆ ಗಾಯಕ್ಕೇ ಹಾಕುವ ಇನ್ನೊಂದು ಮದ್ದುಂಟು. ಅದರಲ್ಲಿ ಒಂದು ಬಗೆ ಮತ್ತೆ ಕುದುರೆಯ ರಕ್ತದಿಂದ ಬಂದದ್ದೇ. ಮನೆಯ ನಾಯಿಗೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿರಿ.

ಅಮೆರಿಕದ ಪಶುವೈದ್ಯ ಕಾಲ್ವಿನ್ ಶ್ವಾಬ್ 1964ರಲ್ಲಿ 'ವೆಟರಿನರಿ ಮೆಡಿಸಿನ್ ಅಂಡ್ ಹ್ಯೂಮನ್ ಹೆಲ್ತ್' ಎಂಬ ದೊಡ್ಡ ಗ್ರಂಥ ಬರೆದರು. ಮನುಷ್ಯನ ವೈದ್ಯ, ಪ್ರಾಣಿಯ ವೈದ್ಯ ಎರಡಲ್ಲ, ಒಂದೇ ಎಂಬುದು ಅವರ ವಾದ. ಅದು ಕಾಲೇಜಿನ ಪುಸ್ತಕ, ಸಾಮಾನ್ಯ ಓದಿಗೆ ಒದಗುವುದಲ್ಲ. ಕಾರಂತರು, ತೇಜಸ್ವಿಯವರ ಪುಸ್ತಕಗಳನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಕೇಳಿ ನೋಡಿರಿ; ಇಲ್ಲದಿದ್ದರೆ ತರಿಸಿಕೊಡಲು ಬರೆದುಕೊಡಿರಿ. 'ಲೋಕೋಪಕಾರ' ತುಮಕೂರಿನ ದೊಡ್ಡ ಗ್ರಂಥಾಲಯಗಳಲ್ಲಿ ವಿಚಾರಿಸತಕ್ಕದ್ದು.

ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ನೂರು ಪುಟದ ಒಂದು ನೋಟುಬುಕ್ಕು ಕೊಡಿಸಿರಿ. ಎಡಗಡೆಯ ಪುಟ ಕೊಟ್ಟಿಗೆಗೆ, ಬಲಗಡೆಯ ಪುಟ ಮನೆಗೆ. ಹಸುವಿಗೆ ಗಬ್ಬ ಕಟ್ಟಿಸಿದ ದಿನ, ಈದ ದಿನ, ಕಂದು ಹಾಕಿದ್ದರೆ ಎಷ್ಟನೆಯ ತಿಂಗಳು, ಕರುವಿಗೆ ಯಾವ ಲಸಿಕೆ ಯಾವ ತಾರೀಖು, ನಾಯಿಗೆ ಲಸಿಕೆ ಹಾಕಿಸಿದ್ದು ಎಂದು ಇವು ಎಡಗಡೆ. ಯಾರಿಗೆ ಯಾವಾಗ ಜ್ವರ ಬಂತು, ಎಷ್ಟು ದಿನ ಇತ್ತು, ನಾಯಿಯೋ ಬೆಕ್ಕೋ ಪರಚಿದ್ದು, ಕಸ ತೆಗೆದವರು ಯಾರು ಎಂಬುದು ಬಲಗಡೆ. ಆಸ್ಪತ್ರೆಗೆ ಹೋಗುವಾಗ, ಅದು ದನದ್ದಾಗಲಿ ಜನರದ್ದಾಗಲಿ, ಚೀಲದಲ್ಲಿ ಆ ಪುಸ್ತಕವೂ ಇರಲಿ. ವೈದ್ಯರು ಎರಡೂ ಪುಟ ನೋಡುವಂತೆ ಬಿಡಿಸಿ ಕೊಡಿರಿ.